ಒಟಿಪಿ ಯಾರ ಫೋನಿಗೆ ಬರುತ್ತದೆ?

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯಲ್ಲಿ ಆರೋಗ್ಯ, ಮಕ್ಕಳ ಓದು, ಹಬ್ಬದ ಅಡುಗೆ, ಹೂಡಿಕೆ ಎಲ್ಲದರ ಬಗ್ಗೆಯೂ ಒಳ್ಳೊಳ್ಳೆಯ ಮಾತುಗಳಾಗಿವೆ. ನಾನು ಆರಿಸಿಕೊಂಡ ವಿಷಯ ಸ್ವಲ್ಪ ಚಿಲ್ಲರೆ ಎನಿಸಬಹುದು: ಮನೆಯ ಇಂಟರ್‌ನೆಟ್ ಕಂಪನಿಯನ್ನು ಬದಲಾಯಿಸುವುದು. “ಅದರಲ್ಲಿ ಅರ್ಧ ಗಂಟೆ ಮಾತಾಡುವಂಥದ್ದು ಏನಿದೆಯಮ್ಮ?” ಎಂದು ಕಾರ್ಯದರ್ಶಿಯವರು ಕೇಳಿದರು. ವಿಷಯವನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಮೇಲೆ ಬಂದ ಸಂದೇಶಗಳನ್ನು ನೋಡಿ ಅವರೇ ಸುಮ್ಮನಾದರು. ದ್ವಾರಕಾದಿಂದ, ಮಯೂರ್ ವಿಹಾರದಿಂದ, ಗುರುಗ್ರಾಮದಿಂದ, ನೊಯ್ಡಾದಿಂದ ಎಲ್ಲರದೂ ಒಂದೇ ಹಾಡು. ಸೇರುವುದು ಸುಲಭ, ಬಿಡುವುದು ಕಷ್ಟ.

ನಾನು ಸಾಫ್ಟ್‌ವೇರ್ ಕೆಲಸದವಳು. ಎಂಟೆಕ್ ಮಾಡುವಾಗ ನೆಟ್‌ವರ್ಕ್ ವಿಷಯವನ್ನು ಪರೀಕ್ಷೆಗಾಗಿ ಓದಿದ್ದೇನೆ. ಆ ಓದು ತಂತಿಯ ಒಳಗಿನ ಕಥೆಯನ್ನು ಹೇಳಿಕೊಟ್ಟಿತು. ಕಸ್ಟಮರ್ ಕೇರ್‌ನ ಕಥೆಯನ್ನು ಹೇಳಿಕೊಟ್ಟಿರಲಿಲ್ಲ. ಇವತ್ತು ಎರಡನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮೊದಲು ಸಿಕ್ಕ ನಗರಗಳಲ್ಲಿ ನಮ್ಮ ದೆಹಲಿಯೂ ಒಂದು. ಫೋನ್ ಲೈನಿನಲ್ಲಿ ಕೀಂ ಕೀಂ ಎಂದು ಸದ್ದು ಮಾಡುತ್ತಾ ಸೇರಿಕೊಳ್ಳುತ್ತಿದ್ದ ಆ ಕಾಲ ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಆಗ ಕೊಡುವವರು ಒಬ್ಬರೇ, ಹಾಗಾಗಿ ಬದಲಾಯಿಸುವ ಪ್ರಶ್ನೆಯೇ ಇರಲಿಲ್ಲ. 1998ರಲ್ಲಿ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. 2004ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ತಂದಾಗ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆದರು. 2013ರಲ್ಲಿ ಅದು 512 ಆಯಿತು. 2023ರಲ್ಲಿ 2 ಮೆಗಾಬಿಟ್ ಆಯಿತು. ಈಗ ನಮ್ಮ ಮನೆಗಳಿಗೆ 100, 200, 300 ಮೆಗಾಬಿಟ್‌ನ ಪ್ಲಾನ್‌ಗಳನ್ನು ಮಾರುತ್ತಾರೆ. ಹೌಜ್ ಖಾಸ್‌ನ ನಮ್ಮ ಬೀದಿಯ ಕಂಬವನ್ನು ಒಮ್ಮೆ ತಲೆ ಎತ್ತಿ ನೋಡಿದರೆ ಸಾಕು. ನಾಲ್ಕೈದು ಕಂಪನಿಗಳ ಕೇಬಲ್ ಸುರುಳಿ ಸುತ್ತಿಕೊಂಡು ನೇತಾಡುತ್ತವೆ. ಆಯ್ಕೆಗೆ ಬರವಿಲ್ಲ.

ಹಾಗಿದ್ದರೆ ಕಷ್ಟ ಎಲ್ಲಿದೆ? ಮೊಬೈಲ್‌ನ ಜೊತೆ ಹೋಲಿಸಿ ನೋಡೋಣ. ನಂಬರ್ ಉಳಿಸಿಕೊಂಡು ಕಂಪನಿ ಬದಲಾಯಿಸುವ ಸೌಲಭ್ಯ 2010ರ ನವೆಂಬರ್‌ನಲ್ಲಿ ಪಕ್ಕದ ಹರಿಯಾಣದಲ್ಲಿ ಶುರುವಾಯಿತು. 2011ರ ಜನವರಿ 20ರಿಂದ ದೇಶಕ್ಕೆಲ್ಲ ಬಂತು. 2015ರ ಜುಲೈನಿಂದ ಬೆಂಗಳೂರಿನ ನಂಬರನ್ನು ದೆಹಲಿಗೂ ತರಬಹುದಾಯಿತು. ನಮ್ಮಲ್ಲಿ ಎಷ್ಟೋ ಜನ ಇನ್ನೂ ಕರ್ನಾಟಕದ ಹಳೆಯ ನಂಬರನ್ನೇ ಇಟ್ಟುಕೊಂಡಿದ್ದೇವೆ. 1900ಕ್ಕೆ ಒಂದು ಸಂದೇಶ ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದನ್ನು ಹೊಸ ಕಂಪನಿಗೆ ಕೊಟ್ಟರೆ ಆಯಿತು. ಹಳೆಯ ಕಂಪನಿಗೆ ಕಾರಣ ಹೇಳಬೇಕಿಲ್ಲ, ಯಾರ ಕಾಲನ್ನೂ ಹಿಡಿಯಬೇಕಿಲ್ಲ. ಗ್ಯಾಸ್ ಸಿಲಿಂಡರ್‌ಗೆ, ಆರೋಗ್ಯ ವಿಮೆಗೆ ಕೂಡ ಹೀಗೆ ಬದಲಾಯಿಸುವ ದಾರಿ ಇದೆ. ಮನೆಗೆ ತಂತಿಯಲ್ಲಿ ಬರುವ ಇಂಟರ್‌ನೆಟ್‌ಗೆ ಮಾತ್ರ ಇಂಥ ದಾರಿ ಇಲ್ಲ. ಹೊಸದನ್ನು ನೀವೇ ತರಬೇಕು, ಹಳೆಯದನ್ನು ನೀವೇ ಬಿಡಿಸಬೇಕು. ಮಧ್ಯದ ದಿನಗಳನ್ನು ನೀವೇ ದಾಟಬೇಕು.

ಇದಕ್ಕೆ ಅರ್ಧ ಕಾರಣ ನಿಜವಾದದ್ದೇ. ಮೊಬೈಲ್ ನಂಬರ್ ಎನ್ನುವುದು ಕಂಪ್ಯೂಟರಿನ ಒಂದು ಪಟ್ಟಿಯಲ್ಲಿರುವ ನಮೂದು. ಪಟ್ಟಿಯಲ್ಲಿ ತಿದ್ದಿದರೆ ಮುಗಿಯಿತು. ಮನೆಯ ಇಂಟರ್‌ನೆಟ್ ಒಂದು ವಸ್ತು. ಕಂಪನಿಯ ಕಚೇರಿಯಿಂದ ಹೊರಟ ಗಾಜಿನ ಎಳೆ ಬೀದಿಯ ಒಂದು ಪೆಟ್ಟಿಗೆಯಲ್ಲಿ ಕವಲೊಡೆದು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚಿಹೋಗುತ್ತದೆ. ಹೆಚ್ಚು ಬಳಕೆಯಲ್ಲಿರುವ ತಂತ್ರಜ್ಞಾನದಲ್ಲಿ ಆ ಒಂದು ಎಳೆಯಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಇಳಿದು ಬರುತ್ತದೆ. ಅಷ್ಟನ್ನು ಎಲ್ಲ ಮನೆಗಳೂ ಹಂಚಿಕೊಳ್ಳಬೇಕು. ಸಂಜೆ ಎಂಟಕ್ಕೆ ಎಲ್ಲರೂ ಸಿನಿಮಾ ಹಚ್ಚಿದಾಗ ನಿಧಾನವಾಗುವುದಕ್ಕೆ ಇದೂ ಒಂದು ಕಾರಣ. ನಿಮ್ಮ ಮನೆಯ ಗೋಡೆಯ ಮೇಲಿನ ಡಬ್ಬಿ ಆ ಕಂಪನಿಯ ಉಪಕರಣದ ಜೊತೆ ಮಾತ್ರ ಮಾತಾಡುವಂತೆ ಹೊಂದಿಸಿರುತ್ತಾರೆ. ಹಾಗಾಗಿ ಕಂಪನಿ ಬದಲಾದರೆ ತಂತಿ ಬದಲಾಗಬೇಕು, ಡಬ್ಬಿಯೂ ಬದಲಾಗಬೇಕು. ಅದನ್ನು ನಾನು ಒಪ್ಪುತ್ತೇನೆ.

ನಾವಿರುವ ಹೌಜ್ ಖಾಸ್‌ನ ಹೆಸರಿನಲ್ಲೇ ಇಂಥದ್ದೊಂದು ಕಥೆ ಇದೆ. ಹೌಜ್ ಎಂದರೆ ಕೆರೆ, ಖಾಸ್ ಎಂದರೆ ರಾಜನ ಖಾಸಾ. ಅಲಾಉದ್ದೀನ್ ಖಿಲ್ಜಿ ತನ್ನ ಸಿರಿ ಕೋಟೆಯ ಜನಕ್ಕೆ ನೀರಿಗಾಗಿ ತೋಡಿಸಿದ ಕೆರೆ ಅದು. ಮುಂದೆ ಹೂಳು ತುಂಬಿ ಬತ್ತಿಹೋಯಿತು. ಫಿರೋಜ್ ಷಾ ತುಘಲಕ್ ಬಂದು ನೋಡುವ ಹೊತ್ತಿಗೆ ಜನ ಕೆರೆಯಂಗಳದಲ್ಲೇ ಬೇಸಾಯ ಮಾಡುತ್ತಿದ್ದರಂತೆ, ಬಾವಿ ತೋಡಿ ನೀರು ಮಾರುತ್ತಿದ್ದರಂತೆ. ಆತ ಹೂಳೆತ್ತಿಸಿದ ವಿಷಯವನ್ನು ತಾನೇ ಬರೆಸಿಟ್ಟಿದ್ದಾನೆ. ಎಲ್ಲರಿಗೂ ಸೇರಿದ ಕೆರೆಯಲ್ಲಿ ತನ್ನ ತನ್ನ ಬಾವಿ ತೋಡಿಕೊಂಡು ನೀರು ಮಾರುವುದು ಇವತ್ತಿನ ಕಂಬದ ತಂತಿಗಳನ್ನು ನೋಡಿದಾಗ ನನಗೆ ನೆನಪಾಗುತ್ತದೆ. ಒಬ್ಬೊಬ್ಬರದೂ ಒಂದೊಂದು ಬಾವಿ. ಒಬ್ಬರ ಹಗ್ಗ ಇನ್ನೊಬ್ಬರ ಬಾವಿಗೆ ಆಗುವುದಿಲ್ಲ.

ಆದರೆ ಉಳಿದ ಅರ್ಧ ಕಷ್ಟಕ್ಕೆ ಗಾಜಿನ ಎಳೆ ಕಾರಣ ಅಲ್ಲ. ಅದು ಮನುಷ್ಯರು ಮಾಡಿಟ್ಟ ಕಷ್ಟ. ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಕಂಪನಿಗಳ ಹೆಸರು ಬೇಡ, ಹಳೆಯದು ಮತ್ತು ಹೊಸದು ಎಂದಿಟ್ಟುಕೊಳ್ಳಿ.

ಹಳೆಯ ಕಂಪನಿಯ ಲೈನ್ ಸಂಜೆಯಾದರೆ ಸಾಕು, ಬಿಟ್ಟು ಬಿಟ್ಟು ಬರುತ್ತಿತ್ತು. ದೆಹಲಿಯ ಚಳಿಗಾಲ ಹೇಗೆಂದು ನಿಮಗೆ ಗೊತ್ತೇ ಇದೆ. 2024ರ ನವೆಂಬರ್‌ನಲ್ಲಿ ಗಾಳಿ ಕೆಟ್ಟು ಶಾಲೆಗಳು ಆನ್‌ಲೈನ್ ಆದವು. ಅಂಥ ದಿನಗಳಲ್ಲಿ ಮನೆಯ ಇಂಟರ್‌ನೆಟ್ಟೇ ಶಾಲೆ, ಅದೇ ಆಫೀಸು. ಮಗಳ ಟೀಚರ್ ಗಣಿತ ಹೇಳುತ್ತಾ ಅರ್ಧಕ್ಕೆ ಕಲ್ಲಾಗುತ್ತಿದ್ದರು. ಪಕ್ಕದ ಕೋಣೆಯಲ್ಲಿ ನಾನು ಮೀಟಿಂಗ್‌ನಿಂದ ಹೊರಗೆ ಬೀಳುತ್ತಿದ್ದೆ. ದೂರು ಕೊಟ್ಟರೆ “ನಮ್ಮ ಕಡೆಯಿಂದ ಸರಿಯಾಗಿದೆ ಮೇಡಂ, ರೂಟರ್ ಆಫ್ ಮಾಡಿ ಆನ್ ಮಾಡಿ” ಎಂಬ ಉತ್ತರ. ಲ್ಯಾಪ್‌ಟಾಪ್‌ಗೆ ನೇರವಾಗಿ ತಂತಿ ಹಾಕಿ ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ವೇಗ ಅಳೆದು ಬರೆದಿಟ್ಟೆ. ರಾತ್ರಿಯ ಅಂಕಿ ಬೆಳಗಿನದರ ಐದನೇ ಒಂದು ಭಾಗವೂ ಇರಲಿಲ್ಲ. ಸರಿ, ಬದಲಾಯಿಸೋಣ ಎಂದು ತೀರ್ಮಾನಿಸಿದೆವು.

ಹೊಸ ಕಂಪನಿಯ ಹುಡುಗ ಅದೇ ಸಂಜೆ ಫೋನ್ ಮಾಡಿದ. ಇಪ್ಪತ್ತನಾಲ್ಕು ಗಂಟೆಯಲ್ಲಿ ಹಾಕಿಕೊಡುತ್ತೇವೆ ಎಂದ. ಮಾರನೆಯ ದಿನ “ಹತ್ತರಿಂದ ಆರರ ಒಳಗೆ ಬರುತ್ತಾರೆ” ಎಂಬ ಸಂದೇಶ ಬಂತು. ಹತ್ತರಿಂದ ಆರು ಎಂದರೆ ಒಬ್ಬ ಮನುಷ್ಯಳ ಪೂರ್ತಿ ಕೆಲಸದ ದಿನ. ಹನ್ನೊಂದಕ್ಕೆ ಫೋನ್ ಮಾಡಿದರೆ “ಬಸ್ ಮೇಡಂ ಜೀ, ದಸ್ ಮಿನಿಟ್.” ಎರಡಕ್ಕೆ ಮಾಡಿದರೂ ಅದೇ ದಸ್ ಮಿನಿಟ್. ಆ ದಿನ ಬರಲಿಲ್ಲ. ಎರಡನೆಯ ದಿನ ಬಂದವನು ಕೇಬಲ್ ತಾರಸಿಯ ಮೇಲಿಂದ ತರಬೇಕು ಎಂದ. ತಾರಸಿಯ ಬೀಗದ ಕೈ ಮೇಲಿನ ಮನೆಯವರ ಹತ್ತಿರ, ಅವರು ಊರಿಗೆ ಹೋಗಿದ್ದರು. ಮೂರನೆಯ ಸಲ ಬಂದಾಗ ಕಾಲೊನಿಯ ಗೇಟಿನಲ್ಲಿ ಗಾರ್ಡ್ ಭೈಯಾ ತಡೆದರು. ಕೇಬಲ್ ಎಳೆಯಲು ಸಂಘದ ಚೀಟಿ ಬೇಕಂತೆ. ನಾಲ್ಕನೆಯ ದಿನ ಎಲ್ಲವೂ ಕೂಡಿ ಬಂದು ಲೈನ್ ಹತ್ತಿತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರಲ್ಲ, ಹಾಗೆ. ಕಚೇರಿಯಿಂದ ನಮ್ಮ ಬೀದಿಯವರೆಗೆ ಬೆಳಕಿನ ವೇಗದಲ್ಲಿ ಬಂದದ್ದು ಬೀದಿಯಿಂದ ಮನೆಯೊಳಗೆ ಬರಲು ನಾಲ್ಕು ದಿನ ತೆಗೆದುಕೊಂಡಿತು. ಬಂದ ಹುಡುಗನನ್ನು ಬೈಯಲು ಮನಸ್ಸಾಗಲಿಲ್ಲ. ಅವನ ಫೋನಿನಲ್ಲಿ ಆ ದಿನದ ಹನ್ನೆರಡು ಮನೆಗಳ ಪಟ್ಟಿ ಇತ್ತು. ನೀರು, ಚಹಾ ಕೊಟ್ಟು ಕಳಿಸಿದೆ.

ಇನ್ನು ಹಳೆಯದನ್ನು ಬಿಡಿಸುವ ಕೆಲಸ. ಆ ಕಂಪನಿಯ ಆ್ಯಪ್‌ನಲ್ಲಿ ಹೊಸ ಪ್ಲಾನ್ ಕೊಳ್ಳಲು ಗುಂಡಿ ಇದೆ, ವೇಗ ಹೆಚ್ಚಿಸಲು ಗುಂಡಿ ಇದೆ, ಸ್ನೇಹಿತರನ್ನು ಸೇರಿಸಲು ಗುಂಡಿ ಇದೆ. ಬಿಡಲು ಗುಂಡಿ ಇಲ್ಲ. ಫೋನೇ ಮಾಡಬೇಕು. ಮೊದಲ ಕರೆಯಲ್ಲಿ ಒಂದು ತಿಂಗಳು ಪುಕ್ಕಟೆ ಕೊಡುತ್ತೇವೆ ಎಂದರು. ಎರಡನೆಯದರಲ್ಲಿ ಮೂರು ತಿಂಗಳು ಅರ್ಧ ಬೆಲೆ ಎಂದರು. ಮೂರನೆಯದರಲ್ಲಿ ಬೇರೆ ವಿಭಾಗಕ್ಕೆ ಜೋಡಿಸುತ್ತೇವೆ ಎಂದು ಹೇಳಿ ಸಂಗೀತ ಕೇಳಿಸಿ ಕರೆ ಕಡಿದರು. ನಾಲ್ಕನೆಯ ಕರೆಯಲ್ಲಿ ನಾನು ಖಾತೆ ಸಂಖ್ಯೆ, ವಿಳಾಸ, ಪ್ಲಾನ್, ಕೊನೆಯ ಬಿಲ್ಲಿನ ಮೊತ್ತ ಎಲ್ಲ ಹೇಳಿದ ಮೇಲೆ ಆ ಕಡೆಯ ಹುಡುಗಿ ಬಹಳ ವಿನಯದಿಂದ, “ಮೇಡಂ, ಸರ್ ಸೇ ಬಾತ್ ಕರಾ ದೀಜಿಯೇ” ಎಂದಳು. ಸರ್ ಜೊತೆ ಮಾತಾಡಿಸಿ, ಕನೆಕ್ಷನ್ ಅವರ ಹೆಸರಿನಲ್ಲಿದೆ, ಒಟಿಪಿ ಅವರ ಫೋನಿಗೆ ಹೋಗುತ್ತದೆ.

ಸರ್ ಆಗ ವಿಮಾನದಲ್ಲಿದ್ದರು. ಬಾಡಿಗೆ ಕರಾರು ನಮ್ಮ ಮನೆಯವರ ಹೆಸರಿನಲ್ಲಿದ್ದುದರಿಂದ ಇಂಟರ್‌ನೆಟ್ ಕೂಡ ಅವರ ಹೆಸರಿನಲ್ಲೇ ಆಗಿತ್ತು. ತಿಂಗಳ ದುಡ್ಡು ನನ್ನ ಖಾತೆಯಿಂದ ಹೋಗುತ್ತಿತ್ತು. ದೂರು ಕೊಟ್ಟವಳು ನಾನು, ವೇಗ ಅಳೆದವಳು ನಾನು, ನಾಲ್ಕು ದಿನ ಬಾಗಿಲು ಕಾದವಳು ನಾನು. ಕಂಪನಿಯ ಪುಸ್ತಕದಲ್ಲಿ ಗ್ರಾಹಕರು ಮಾತ್ರ ಬೇರೆಯವರು.

ಅವರು ಇಳಿದು, ಒಟಿಪಿ ಕಳಿಸಿ, ಅದು ಹತ್ತು ನಿಮಿಷದಲ್ಲಿ ಮುಗಿದುಹೋಗಿ, ಇನ್ನೊಂದು ತರಿಸಿ, ಅಂತೂ ಕೋರಿಕೆ ದಾಖಲಾಯಿತು. ಆಮೇಲೆ ಡಬ್ಬಿ ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ. ಡಬ್ಬಿ ವಾಪಸ್ ಬಂದಿಲ್ಲ ಎಂದು ಠೇವಣಿ ಹಿಡಿದಿಟ್ಟರು. ಕೊನೆಗೆ ಲಿಖಿತ ದೂರು ಕೊಟ್ಟ ಮೇಲೆ ಬಂದು ಒಯ್ದರು, ಹಣವೂ ಬಂತು. ಪೂರ್ತಿ ಲೆಕ್ಕ ಇಟ್ಟಿದ್ದೆ. ಒಟ್ಟು ಹದಿನಾಲ್ಕು ಫೋನ್ ಕರೆ, ನಾಲ್ಕು ಪೂರ್ತಿ ದಿನ ಮನೆಯಲ್ಲಿ ಕಾಯುವುದು, ಎರಡು ತಿಂಗಳು ಕಾಲ. ತಿಂಗಳಿಗೆ ಸಾವಿರ ರೂಪಾಯಿಯೂ ಆಗದ ಒಂದು ಸೇವೆಗಾಗಿ.

ಈಗ ನಾನು ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ಕಂಪನಿ ಬದಲಾಯಿಸುವ ಖರ್ಚು ಬಿಲ್ಲಿನಲ್ಲಿ ಕಾಣುವುದಿಲ್ಲ. ಅದನ್ನು ಮನೆಯಲ್ಲಿ ಇರುವವರು ತಮ್ಮ ಹೊತ್ತಿನಿಂದ ಕಟ್ಟುತ್ತಾರೆ. ಬಹಳ ಮನೆಗಳಲ್ಲಿ ಹಾಗೆ ಇರುವವರು ನಾವು ಹೆಂಗಸರು. ಹೊರಗೆ ಕೆಲಸಕ್ಕೆ ಹೋಗುವವರೇ ಆದರೂ “ನಿನಗೆ ಇವತ್ತು ವರ್ಕ್ ಫ್ರಮ್ ಹೋಮ್ ಇದೆಯಲ್ಲ, ನೋಡಿಕೋ” ಎಂಬ ಮಾತು ನಮ್ಮ ಕಡೆಗೇ ಬರುತ್ತದೆ. ಸುಸ್ತಾಗಿ ಬಿಟ್ಟುಬಿಟ್ಟರೆ ಕಂಪನಿಗೆ ಲಾಭ. ಬಿಡಲು ಗುಂಡಿ ಇಲ್ಲದಿರುವುದಕ್ಕೆ ಬೇರೆ ಕಾರಣ ನನಗಂತೂ ಕಾಣುವುದಿಲ್ಲ. ಇಂಥ ಗುಂಡಿ ಮಾಡುವುದು ನನ್ನ ವೃತ್ತಿಯಲ್ಲಿರುವವರಿಗೆ ಒಂದು ವಾರದ ಕೆಲಸ.

ಹೊತ್ತು ಕೊಡುವುದು ಒಂದು ಕಷ್ಟವಾದರೆ, ಹೆಸರಿಲ್ಲದೆ ಕೊಡುವುದು ಇನ್ನೊಂದು. ಇದು ಬರೀ ಕಿರಿಕಿರಿಯ ವಿಷಯ ಅಲ್ಲ ಎಂದು ನನಗೆ ಗೊತ್ತಾದದ್ದು ಧಾರವಾಡದಲ್ಲಿ. ನಮ್ಮ ಮಾವನವರು ತೀರಿಕೊಂಡ ಮೇಲೆ ಅತ್ತೆ ಅಲ್ಲಿ ಒಬ್ಬರೇ ಇದ್ದಾರೆ. ಅವರಿಗೆ ಇಂಟರ್‌ನೆಟ್ ಎಂದರೆ ಸಂಜೆ ಮೊಮ್ಮಗಳ ಮುಖ, ಬಾಗಿಲ ಮುಂದಿನ ಕ್ಯಾಮೆರಾ, ಡಾಕ್ಟರ ಜೊತೆ ವಿಡಿಯೊ ಮಾತು. ಲೈನ್ ಕೆಟ್ಟಾಗ ಬೇರೆ ಕಂಪನಿಗೆ ಹೋಗೋಣ ಎಂದು ದೆಹಲಿಯಿಂದ ನಾನು ಫೋನ್ ಹಿಡಿದೆ. ಅಲ್ಲಿಯೂ ಅದೇ ಮಾತು: ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರ ಜೊತೆ ಮಾತಾಡಬೇಕು. ಅವರು ಇಲ್ಲ ಎಂದೆ. ಯಾವಾಗ ಬರುತ್ತಾರೆ ಎಂದು ಕೇಳಿದರು.

ಆಗಲೇ ನನಗೆ ಗೊತ್ತಾದದ್ದು, ಅತ್ತೆ ಒಂದೂವರೆ ವರ್ಷದಿಂದ ಮಾವನವರ ಸಿಮ್‌ಗೆ ತಪ್ಪದೆ ರೀಚಾರ್ಜ್ ಮಾಡಿಸುತ್ತಿದ್ದಾರೆ ಎಂದು. ನೆನಪಿಗೆ ಇಟ್ಟುಕೊಂಡಿದ್ದಾರೆ ಎಂದುಕೊಂಡೆ. “ನೆನಪಿಗೆ ಫೋಟೋ ಐತಿ ಬಿಡವ್ವಾ. ಗ್ಯಾಸಿಂದು, ಕರೆಂಟಿಂದು, ನೆಟ್ಟಿಂದು ಎಲ್ಲಾ ಒಟಿಪಿ ಅದಕ್ಕ ಬರ್ತಾವು. ಆ ಫೋನ್ ಬಂದಾದ್ರ ನಾ ಯಾರು ಅಂತ ಯಾರಿಗೆ ಗೊತ್ತಾಗ್ಬೇಕು?” ಎಂದರು. ನಲವತ್ತು ವರ್ಷ ಆ ಮನೆಯನ್ನು ನಡೆಸಿದವರು ಅವರು. ಆ ಮನೆಯ ಒಂದೇ ಒಂದು ಸೇವೆಗೂ ಅವರು ಗ್ರಾಹಕರಲ್ಲ. ಮರಣ ಪ್ರಮಾಣಪತ್ರ ಕೊಟ್ಟು, ಅರ್ಜಿ ಬರೆದು, ಒಂದೊಂದನ್ನೇ ಅವರ ಹೆಸರಿಗೆ ಮಾಡಿಸಲು ಮೂರು ತಿಂಗಳು ಹಿಡಿಯಿತು.

ಬೈದುಕೊಂಡು ಕೂರುವುದರಿಂದ ಪ್ರಯೋಜನವಿಲ್ಲ. ನಮ್ಮ ಕೈಲಿ ಏನಿದೆ ಎಂದು ನೋಡೋಣ.

ಮೊದಲು ಕಾನೂನು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 1997ರಲ್ಲಿ ಬಂತು. ಅದು ನಿಯಮ ಮಾಡುತ್ತದೆ, ಒಬ್ಬೊಬ್ಬರ ದೂರನ್ನು ಅದು ಬಗೆಹರಿಸುವುದಿಲ್ಲ. ಆದರೆ ಅದರ 2012ರ ನಿಯಮದ ಪ್ರಕಾರ ಪ್ರತಿ ಕಂಪನಿಯಲ್ಲೂ ಎರಡು ಮೆಟ್ಟಿಲು ಇರಲೇಬೇಕು. ಮೊದಲನೆಯದು ದೂರು ಕೇಂದ್ರ. ಅಲ್ಲಿ ದೂರು ಕೊಟ್ಟರೆ ಡಾಕೆಟ್ ನಂಬರ್ ಕೊಡಬೇಕು. ನಂಬರ್ ಸಿಗದೆ ಫೋನ್ ಇಡಬೇಡಿ. ಅಲ್ಲಿ ಪರಿಹಾರ ಸಿಗದಿದ್ದರೆ ಎರಡನೆಯ ಮೆಟ್ಟಿಲು ಮೇಲ್ಮನವಿ ಪ್ರಾಧಿಕಾರ. 30 ದಿನದೊಳಗೆ ಮೇಲ್ಮನವಿ ಹಾಕಬಹುದು, ಅದಕ್ಕೆ ಶುಲ್ಕವಿಲ್ಲ, ಅವರು 39 ದಿನದಲ್ಲಿ ತೀರ್ಮಾನ ಹೇಳಬೇಕು. ಈ ಎರಡನೆಯ ಮೆಟ್ಟಿಲಿದೆ ಎಂದು ಕಸ್ಟಮರ್ ಕೇರ್‌ನವರು ತಾವಾಗಿ ನಮಗೆ ಹೇಳಲಿಲ್ಲ. ನಾವೇ “ಮೇಲ್ಮನವಿ ಹಾಕುತ್ತೇನೆ” ಎಂದ ಮೇಲೆ ದನಿ ಬದಲಾಯಿತು.

ಠೇವಣಿಯ ವಿಷಯ. ಕನೆಕ್ಷನ್ ಬಿಟ್ಟ ಮೇಲೆ 60 ದಿನದೊಳಗೆ ವಾಪಸ್ ಕೊಡಬೇಕು ಎಂದು ಟ್ರಾಯ್‌ನ 2006ರ ಬ್ರಾಡ್‌ಬ್ಯಾಂಡ್ ನಿಯಮದಲ್ಲಿತ್ತು. 2024ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಹೊಸ ಗುಣಮಟ್ಟ ನಿಯಮಗಳು ಅದನ್ನು 45 ದಿನಕ್ಕೆ ಇಳಿಸಿವೆ. ದಿನ ಎಣಿಸಿ ಬರೆದು ಕೇಳಿ.

ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಮೇಲೆ ಜಿಲ್ಲಾ ಗ್ರಾಹಕ ಆಯೋಗ. ಟೆಲಿಕಾಂ ದೂರುಗಳು ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲ ಎಂದು ಮೊದಲು ಕಂಪನಿಗಳು ವಾದ ಮಾಡುತ್ತಿದ್ದವು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಬರುತ್ತವೆ ಎಂದು ಸ್ಪಷ್ಟವಾಗಿ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಾಗದಲ್ಲೇ ದೂರು ಹಾಕಬಹುದು, 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕವೂ ಇಲ್ಲ. ಸಾವಿರ ರೂಪಾಯಿಗೆ ಕೋರ್ಟಿಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಮೆಟ್ಟಿಲುಗಳು ಎಷ್ಟಿವೆ ಎಂದು ಗೊತ್ತಿದ್ದವರ ಜೊತೆ ಕಂಪನಿಯವರು ಮಾತಾಡುವ ರೀತಿಯೇ ಬೇರೆ.

ಇನ್ನು ಮನೆಯೊಳಗೆ ಮಾಡಬೇಕಾದದ್ದು. ಇದನ್ನು ಬೇಕಾದರೆ ಬರೆದುಕೊಳ್ಳಿ.

ಒಂದು, ಬದಲಾಯಿಸುವ ಮೊದಲು ತಪ್ಪು ಯಾರದೆಂದು ನೋಡಿ. ಲ್ಯಾಪ್‌ಟಾಪ್‌ಗೆ ನೇರ ತಂತಿ ಹಾಕಿ ವೇಗ ಅಳೆಯಿರಿ. ತಂತಿಯಲ್ಲಿ ಚೆನ್ನಾಗಿದ್ದು ವೈಫೈನಲ್ಲಿ ಮಾತ್ರ ನಿಧಾನ ಎಂದರೆ ತೊಂದರೆ ಮನೆಯೊಳಗೇ ಇದೆ. ನಮ್ಮ ಕಾಲೊನಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿವೆ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು ಮೂರೇ: 1, 6, 11. ಇಪ್ಪತ್ತು ಮನೆಯವರು ಆ ಮೂರರಲ್ಲೇ ನುಗ್ಗಿದರೆ ಕಂಪನಿ ಬದಲಾಯಿಸಿ ಉಪಯೋಗವಿಲ್ಲ. 5 ಗಿಗಾಹರ್ಟ್ಸ್‌ಗೆ ಹೋಗಿ, ರೂಟರನ್ನು ಟಿವಿಯ ಹಿಂದಿನಿಂದ ತೆಗೆದು ಮನೆಯ ನಡುವೆ ಎತ್ತರದಲ್ಲಿಡಿ. ಇನ್ನೊಂದು ಮಾತು, 100 ಮೆಗಾಬಿಟ್ ಎಂದರೆ 100 ಮೆಗಾಬೈಟ್ ಅಲ್ಲ. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ ಫೈಲ್ ಇಳಿಸುವಾಗ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಕಾಣುತ್ತದೆ. ಅದು ಮೋಸವಲ್ಲ.

ಎರಡು, ಹೊಸದು ಬಂದು ಎರಡು ವಾರ ಸರಿಯಾಗಿ ನಡೆದ ಮೇಲೆಯೇ ಹಳೆಯದನ್ನು ಬಿಡಿ. ಹದಿನೈದು ದಿನದ ಎರಡೆರಡು ಬಿಲ್ಲು ಒಂದು ದಿನದ ರಜೆಗಿಂತ ಅಗ್ಗ.

ಮೂರು, ಮೊದಲ ಸಲ ವರ್ಷದ ಪ್ಲಾನ್ ಬೇಡ. ವರ್ಷಕ್ಕೆ ಎರಡು ತಿಂಗಳು ಪುಕ್ಕಟೆ ಎನ್ನುತ್ತಾರೆ. ಮೂರು ತಿಂಗಳಿಗೆ ತೆಗೆದುಕೊಂಡು ಒಂದು ಮಳೆಗಾಲವೋ ಒಂದು ಚಳಿಗಾಲವೋ ನೋಡಿ. ಜಾಹೀರಾತಿನ ಬೆಲೆಯ ಮೇಲೆ 18 ಶೇಕಡಾ ಜಿಎಸ್‌ಟಿ ಸೇರುತ್ತದೆ, ಅದನ್ನೂ ಕೂಡಿಸಿ ಹೋಲಿಸಿ.

ನಾಲ್ಕು, ಹೊಸ ರೂಟರ್‌ಗೆ ಹಳೆಯ ವೈಫೈನ ಹೆಸರನ್ನೇ, ಹಳೆಯ ಪಾಸ್‌ವರ್ಡನ್ನೇ ಕೊಡಿ. ಆಗ ಟಿವಿ, ಫೋನ್, ಟ್ಯಾಬ್, ಕ್ಯಾಮೆರಾ ಎಲ್ಲವೂ ತಾವಾಗಿಯೇ ಸೇರಿಕೊಳ್ಳುತ್ತವೆ. ಊರಿನಲ್ಲಿ ಒಬ್ಬರೇ ಇರುವ ಅಮ್ಮನ ಮನೆಯಲ್ಲಿ ಇದೊಂದು ಮಾಡಿಸಿದರೆ ನಿಮಗೆ ಇಪ್ಪತ್ತು ಫೋನ್ ಕರೆ ಉಳಿಯುತ್ತದೆ.

ಐದು, ಬಿಡುವ ಕೋರಿಕೆಯನ್ನು ಫೋನಿನಲ್ಲಿ ಹೇಳಿದರೂ ಇಮೇಲ್‌ನಲ್ಲಿ ಬರೆಯಿರಿ. ತಾರೀಖು, ಡಾಕೆಟ್ ನಂಬರ್, ಮಾತಾಡಿದವರ ಹೆಸರು ಇರಲಿ. ಡಬ್ಬಿ, ಅಡಾಪ್ಟರ್ ಎರಡರ ಸೀರಿಯಲ್ ನಂಬರಿನ ಫೋಟೋ ತೆಗೆಯಿರಿ. ಒಯ್ಯುವವರಿಂದ ರಸೀದಿ ಪಡೆಯದೆ ಕೊಡಬೇಡಿ.

ಆರು, ಬ್ಯಾಂಕ್ ಅಥವಾ ಯುಪಿಐಗೆ ಹೋಗಿ ಆ ಕಂಪನಿಗೆ ಕೊಟ್ಟ ಆಟೊ ಪೇ ಅನುಮತಿಯನ್ನು ನೀವೇ ರದ್ದು ಮಾಡಿ. ಹೀಗೆ ಹಣ ಕತ್ತರಿಸುವ 24 ಗಂಟೆ ಮೊದಲು ಸಂದೇಶ ಬರಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2021ರ ಅಕ್ಟೋಬರ್‌ನಿಂದ ಇದೆ. ಆ ಸಂದೇಶವನ್ನು ಜಾಹೀರಾತೆಂದು ಅಳಿಸಬೇಡಿ.

ಏಳನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಹೊಸ ಕನೆಕ್ಷನ್ ತೆಗೆದುಕೊಳ್ಳುವ ದಿನವೇ, ಅದನ್ನು ನೋಡಿಕೊಳ್ಳುವವರು ಯಾರೋ ಅವರ ಹೆಸರಿನಲ್ಲಿ, ಅವರ ಮೊಬೈಲ್ ನಂಬರಿನಲ್ಲಿ ಮಾಡಿಸಿ. ಆಮೇಲೆ ಬದಲಾಯಿಸುವುದು ಹೊಸ ಕನೆಕ್ಷನ್‌ಗಿಂತ ದೊಡ್ಡ ಕೆಲಸ. ಇದು ಗಂಡನ ಮೇಲಿನ ಅಪನಂಬಿಕೆ ಅಲ್ಲ. ನಮ್ಮ ಮನೆಯವರೇ ಈ ಸಲ “ನಿನ್ನ ಹೆಸರಿನಲ್ಲೇ ಮಾಡಿಸು ಮಾರಾಯ್ತಿ, ಏರ್‌ಪೋರ್ಟಿನಲ್ಲಿ ಒಟಿಪಿ ಹುಡುಕುವುದು ನನಗೂ ಸಾಕಾಗಿದೆ” ಎಂದರು. ಮನೆಯಲ್ಲಿ ಇಂಟರ್‌ನೆಟ್, ಗ್ಯಾಸ್, ಕರೆಂಟ್, ನೀರು ಇವುಗಳ ಒಟಿಪಿ ಯಾರ ಫೋನಿಗೆ ಬರುತ್ತದೆ ಎಂದು ಈ ರಾತ್ರಿ ಒಂದು ಕಾಗದದ ಮೇಲೆ ಬರೆದು ನೋಡಿ. ಎಲ್ಲವೂ ಒಬ್ಬರದೇ ಫೋನಿಗೆ ಬರುತ್ತಿದ್ದರೆ, ಆ ಒಬ್ಬರು ಯಾರೇ ಆಗಿರಲಿ, ಅದು ಒಳ್ಳೆಯದಲ್ಲ. ಊರಿನಲ್ಲಿರುವ ಅಪ್ಪ ಅಮ್ಮನ ಮನೆಯದನ್ನೂ ಬರೆಯಿರಿ. ಅಪ್ಪ ಗಟ್ಟಿಯಾಗಿ ಇರುವಾಗಲೇ ಒಂದೆರಡನ್ನು ಅಮ್ಮನ ಹೆಸರಿಗೆ ಮಾಡಿಸುವುದು ಸುಲಭ.

ಕೊನೆಯದಾಗಿ ನಮ್ಮ ವೇದಿಕೆಗೆ ಎರಡು ಕೋರಿಕೆ. ದೆಹಲಿಯ ಯಾವ ಕಾಲೊನಿಯಲ್ಲಿ ಯಾವ ಕಂಪನಿಯ ಲೈನ್ ಸಂಜೆ ಹೇಗಿದೆ, ಬಿಡುವಾಗ ಹೇಗೆ ನಡೆದುಕೊಂಡರು, ಠೇವಣಿ ಎಷ್ಟು ದಿನಕ್ಕೆ ಬಂತು ಎಂದು ಸದಸ್ಯೆಯರು ತುಂಬುವ ಒಂದು ಪಟ್ಟಿಯನ್ನು ಮಾಡೋಣ. ಜಾಹೀರಾತಿನಲ್ಲಿ ಸೇರುವ ಬೆಲೆ ಇರುತ್ತದೆ, ಬಿಡುವ ಕಷ್ಟ ಇರುವುದಿಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು. ಹಾಳೆ ತಯಾರಿಸುವ ಕೆಲಸ ನನ್ನದು. ಎರಡನೆಯದು, ನಮ್ಮಲ್ಲಿ ಒಬ್ಬರೇ ಇರುವ ಹಿರಿಯ ಸದಸ್ಯೆಯರು ಎಂಟು ಹತ್ತು ಜನ ಇದ್ದಾರೆ. ಅವರ ಮನೆಗೆ “ಹತ್ತರಿಂದ ಆರರ ಒಳಗೆ” ಯಾರಾದರೂ ಬರುವ ದಿನ ಹತ್ತಿರದ ಸದಸ್ಯೆ ಒಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ ಅವರ ಜೊತೆ ಕೂರೋಣ. ಕೆಲಸವೂ ಆಗುತ್ತದೆ, ಕನ್ನಡದಲ್ಲಿ ನಾಲ್ಕು ಮಾತೂ ಆಗುತ್ತದೆ. ಹೌಜ್ ಖಾಸ್, ಗ್ರೀನ್ ಪಾರ್ಕ್, ಸಫ್ದರ್‌ಜಂಗ್ ಕಡೆಯ ಸರದಿಗೆ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ. ಮಂಗಳವಾರ, ಶುಕ್ರವಾರ ನಾನು ಮನೆಯಿಂದ ಕೆಲಸ ಮಾಡುತ್ತೇನೆ.

 ಪ್ರಶ್ನೆಗಳಿದ್ದರೆ ಕೇಳಿ.